ಗಾಜಿನ ಕಣ್ಣು ಆಮೇಲೆ, ಮೊದ್ಲು ಜೀವಂತ ಹಕ್ಕಿ ನೋಡಿ

ಎಲ್ರಿಗೂ ನಮಸ್ಕಾರ. ಟ್ಯಾಕ್ಸಿಡರ್ಮಿ, ಅಂದ್ರೆ ಸತ್ತ ಪ್ರಾಣಿ, ಹಕ್ಕಿಯ ಚರ್ಮ ಉಳಿಸಿ ಜೀವಂತ ಇದ್ದ ಹಾಗೆ ನಿಲ್ಲಿಸೋ ಕೆಲ್ಸ, ಅಂದ ಕೂಡ್ಲೆ ನಮ್ಮ ಕಡೆಯವ್ರಿಗೆ ನೆನಪಾಗೋದು ಮೈಸೂರಿನ ವ್ಯಾನ್ ಇಂಗೆನ್ ಕಂಪನಿ, ಅಲ್ಲಿ ತಯಾರಾದ ಹುಲಿ, ಚಿರತೆ. ಹಕ್ಕಿ ಕೆಲ್ಸ ಅದಕ್ಕಿಂತ ಬೇರೆ ಥರದ್ದು. ಸಾಮಾನ್ಯವಾಗಿ ಚರ್ಮದ ಜೊತೆ ತಲೆಬುರುಡೆ, ರೆಕ್ಕೆ ಮೂಳೆ, ಕಾಲಿನ ಮೂಳೆ ಉಳಿಸ್ಕೊಂಡು ಮಧ್ಯದ ಮೈ ಮಾತ್ರ ತೆಗೀತಾರೆ, ಅದೇ ಅಳತೆಗೆ ಮರದ ನಾರಲ್ಲೋ ಫೋಮಲ್ಲೋ ಇನ್ನೊಂದು ಮೈ ಮಾಡಿ ಒಳಗೆ ಕೂರಿಸ್ತಾರೆ. ಆ ಮೈ ಸ್ವಲ್ಪ ದಪ್ಪ ಆಯ್ತು, ಕತ್ತು ಹೊರಡೋ ಜಾಗ ಸ್ವಲ್ಪ ಮೇಲಾಯ್ತು ಅಂದ್ರೆ ಎಷ್ಟು ಚಂದ ಹೊಲಿದ್ರೂ ಅದು ಹಕ್ಕಿ ಥರ ಕಾಣಲ್ಲ. ಸುಲಿಯೋದು, ಹೊಲಿಯೋದು ಕೈ ಪಳಗಿದ್ರೆ ಬರುತ್ತೆ. ನೋಡೋದು, ನೋಡಿದ್ದನ್ನ ಬರೆದಿಡೋದು ಬೇರೆಯದೇ ಕಲಿಕೆ, ಇವತ್ತು ಅದನ್ನಷ್ಟೇ ಮಾತಾಡ್ತೀನಿ.

ಅದಕ್ಕೆ ಮುಂಚೆ ಕಾನೂನಿನ ಮಾತು ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಕ್ಷಿತ ಕಾಡುಹಕ್ಕಿ ಸತ್ತು ಬಿದ್ದಿದ್ರೂ ಅದು ಸರ್ಕಾರದ ಸ್ವತ್ತು, ಕೈಗೆ ಬಂತು ಅಂದ್ರೆ 48 ಗಂಟೆ ಒಳಗೆ ಪೊಲೀಸ್ ಸ್ಟೇಷನ್‌ಗೋ ಅರಣ್ಯ ಇಲಾಖೆಗೋ ತಿಳಿಸ್ಬೇಕು. ರಸ್ತೆ ಬದಿ ಬಿದ್ದಿತ್ತು ಅಂತ ಮನೆಗೆ ತಂದು ಫ್ರಿಜ್ಜಲ್ಲಿ ಇಡೋ ಹಾಗಿಲ್ಲ. ಆದ್ರೆ ಜೀವಂತ ಹಕ್ಕಿಯನ್ನ ದೂರದಿಂದ ನೋಡೋದಕ್ಕೆ, ಚಿತ್ರ ಬರಿಯೋದಕ್ಕೆ ಯಾರ ಅಡ್ಡಿನೂ ಇಲ್ಲ, ಗೂಡಿನ ಹತ್ರ ಮಾತ್ರ ಹೋಗ್ಬೇಡಿ. ಕೈಯಲ್ಲಿ ಹಿಡ್ದು ಕಲಿಯೋಕೆ ನಾಟಿ ಕೋಳಿ ಇದೆಯಲ್ಲ.

ಮೊದ್ಲು ಬರೀಬೇಕಾಗಿದ್ದು ಬಣ್ಣ. ಗರಿಯ ಬಣ್ಣಕ್ಕೆ ಅವಸರ ಇಲ್ಲ, ಅದು ಚರ್ಮದಲ್ಲಿ ಉಳಿಯುತ್ತೆ. ಸತ್ತ ಮೇಲೆ ಬೇಗ ಹಾಳಾಗೋದು ಕಣ್ಣು, ಆಮೇಲೆ ಕೊಕ್ಕು, ಕಾಲು, ಕಣ್ಣಿನ ಸುತ್ತ ಇರೋ ಬರಿ ಚರ್ಮ. ಕೆಂಬೂತದ ಕಣ್ಣು ನೋಡಿದೀರಲ್ಲ, ಎಂಥಾ ಕೆಂಪು ಮಾರಾಯ್ರೆ! ಸತ್ತ ಸ್ವಲ್ಪ ಹೊತ್ತಿಗೇ ಅದು ಮಸುಕಾಗಿ ಒಳಗೆ ಕುಸಿಯುತ್ತೆ, ಆಮೇಲೆ ಗಾಜಿನ ಕಣ್ಣು ಆರಿಸ್ತಾ ಕೂತ್ರೆ ಅದು ಕಡುಗೆಂಪೋ ಕಂದೋ ಅಂತ ಯಾರು ಹೇಳ್ಬೇಕು? ಬರೀ ಕೆಂಪು ಅಂತ ಬರಿಬೇಡಿ. ಪೇಂಟ್ ಅಂಗಡಿಯಲ್ಲಿ ಸಿಗೋ ಶೇಡ್ ಕಾರ್ಡ್ ಒಂದು ಜೊತೆಗಿಟ್ಕೊಂಡು, ಯಾವ ಶೇಡಿಗೆ ಹತ್ರ ಅಂತ ಅದರ ನಂಬರ್ ಬರ್ಕೊಳ್ಳಿ.

ಬಣ್ಣದ ಜೊತೆ ತಿಂಗಳೂ ಬೇಕೇ ಬೇಕು. ಗದ್ದೆ ಬದುವಿನ ಮೇಲೆ ಕೂರೋ ಕಂದು ಕೊಕ್ಕರೆಗೆ ಮರಿ ಮಾಡೋ ಕಾಲದಲ್ಲಿ ಕಾಲು ಕೆಂಪಾಗೋದುಂಟು, ಉಳಿದ ಕಾಲದಲ್ಲಿ ಮಾಸಲು ಹಸಿರು. ಮಧ್ಯಮ ಬೆಳ್ಳಕ್ಕಿಯ ಹಳದಿ ಕೊಕ್ಕು ಗೂಡು ಕಟ್ಟೋ ಹೊತ್ತಿಗೆ ಕಪ್ಪಾಗುತ್ತೆ, ಬೆನ್ನ ಮೇಲೆ ಎಳೆ ಎಳೆ ಗರಿ ಬರುತ್ತೆ. ಆ ಎಳೆ ಗರಿ ಇರೋ ಹಕ್ಕಿಗೆ ಹಳದಿ ಕೊಕ್ಕು ಬಳಿದ್ರೆ ಗೊತ್ತಿರೋರು ಬಾಗಿಲಲ್ಲೇ ನಿಂತು ತಪ್ಪು ಹೇಳ್ತಾರೆ. ಸೂರಕ್ಕಿಯ ಹೊಳೆಯೋ ಕತ್ತಿಗೆ ಬಿಸಿಲು ಯಾವ ಕಡೆಯಿಂದ ಬೀಳ್ತಿತ್ತು ಅನ್ನೋದನ್ನೂ ಬರೀಬೇಕು, ಕೋನ ಬದಲಾದ್ರೆ ಹಸಿರು ಇದ್ದಿದ್ದು ಕಪ್ಪಾಗಿ ಕಾಣುತ್ತೆ.

ಇನ್ನು ಭಂಗಿ. ಇದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯಂಥ ಜಾಗ ಇಲ್ಲ ಅಂತ ನಾನು ಹೇಳ್ತೀನಿ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ, ತುಂಗೆಯ ನಡುಗಡ್ಡೆ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ವೆ, ಸೊರಬದ ಕಡೆಯವ್ರಿಗೆ ಗುಡವಿ ಪಕ್ಷಿಧಾಮ ಇದೆ. ಹಾವಕ್ಕಿ ಕತ್ತು ನೋಡಿ, ಮಧ್ಯದಲ್ಲಿ ಒಂದು ಕಡೆ ಚೂಪಾಗಿ ಮುರಿದ ಹಾಗೆ ಕಾಣುತ್ತೆ, ಅಲ್ಲಿನ ಮೂಳೆಗಳ ರಚನೆಯೇ ಹಂಗಿದೆ, ಆ ಮಡಿಕೆ ಇರೋದ್ರಿಂದ್ಲೇ ಅದು ಕೊಕ್ಕನ್ನ ಭರ್ಜಿ ಹಾಗೆ ಮೀನಿಗೆ ಚುಚ್ಚೋದು. ಕತ್ತಿನ ಒಳಗೆ ಹಾಕೋ ತಂತಿಯನ್ನ ಕೊಡೆ ಹಿಡಿ ಥರ ಸುಮ್ನೆ ಬಗ್ಗಿಸಿದ್ರೆ ಅದು ಹಾವಕ್ಕಿ ಆಗಲ್ಲ. ರೆಕ್ಕೆ ಒಣಗಿಸ್ತಾ ಕೂತ ನೀರುಕಾಗೆಯನ್ನ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರೂ ಕಡೆ ಬರ್ಕೊಳ್ಳಿ, ಭಾರ ಯಾವ ಕಾಲಿನ ಮೇಲಿದೆ, ಬಾಲ ಎಷ್ಟು ಇಳಿದಿದೆ, ಎಲ್ಲಾ. ಮಳೆ ಬರ್ತಿತ್ತಾ, ಚಳಿ ಇತ್ತಾ ಅಂತಾನೂ ಬೇಕು. ಚಳಿಯಲ್ಲಿ ಪುಕ್ಕ ಉಬ್ಬಿಸಿ ಕೂತ ಪಿಕಳಾರ, ಸೆಕೆಯಲ್ಲಿ ಪುಕ್ಕ ಮೈಗೆ ಅಂಟಿಸ್ಕೊಂಡ ಪಿಕಳಾರ ಎರಡು ಬೇರೆ ಹಕ್ಕಿ ಅನ್ನೋಷ್ಟು ವ್ಯತ್ಯಾಸ.

ಫೋಟೋ ಬೇಕು, ಆದ್ರೆ ಫೋಟೋನೇ ಸಾಕು ಅನ್ಕೋಬೇಡಿ. ಮೊಬೈಲನ್ನ ಕೋಳಿ ಮುಖದ ಹತ್ರ ಹಿಡಿದ್ರೆ ಕೊಕ್ಕು ದೊಡ್ಡದಾಗಿ ತಲೆ ಚಿಕ್ಕದಾಗಿ ಬರುತ್ತೆ, ಅದಕ್ಕೆ ದೂರ ನಿಂತು ಝೂಮ್ ಮಾಡಿ, ಕ್ಯಾಮೆರಾ ಹಕ್ಕಿಯ ಎತ್ತರಕ್ಕೇ ಇರ್ಲಿ, ಫ್ಲಾಶ್ ಬೇಡ. ಚಿತ್ರ ಬರಿಯೋಕೆ ಬರಲ್ಲ ಅನ್ನೋರು ಮೊಟ್ಟೆ ಆಕಾರ ಎಳೆದು ಬೆನ್ನಿನ ಓರೆ ಗೆರೆ, ಕಣ್ಣಿನ ಜಾಗ, ಕಾಲು ಹೊರಡೋ ಜಾಗ ಗುರುತು ಮಾಡಿದ್ರೂ ಸಾಕು. ಬರೆಯುವಾಗ ಕಣ್ಣು ನಿಲ್ಲುತ್ತೆ, ಕ್ಲಿಕ್ ಮಾಡುವಾಗ ನಿಲ್ಲಲ್ಲ.

ಈಗ ಕೋಳಿಗೆ ಬರೋಣ. ಮನೇಲಿ ಸಾರಿಗೆ ಕೋಳಿ ಕೊಯ್ಯೋ ದಿನ ಪುಕ್ಕ ಕೀಳೋಕೆ ಮುಂಚೆ ಅದರ ಉದ್ದ, ಮಡಚಿದ ರೆಕ್ಕೆ, ಬಾಲ, ಕಾಲು, ಕೊಕ್ಕು ಅಳೀರಿ. ಪುಕ್ಕ ಕಿತ್ತ ಮೇಲೆ ಒಂದು ಪೇಪರ್ ಮೇಲೆ ಪಕ್ಕಕ್ಕೆ ಮಲಗಿಸಿ ಸುತ್ತ ಗೆರೆ ಎಳೀರಿ. ಮೈ ಎಷ್ಟು ಸಣ್ಣದು ಅಂತ ಗೊತ್ತಾಗುತ್ತೆ, ಪುಕ್ಕ ಮೈಯೆಲ್ಲಾ ಒಂದೇ ಸಮ ಹುಟ್ಟಲ್ಲ, ಪಟ್ಟಿ ಪಟ್ಟಿಯಾಗಿ ಹುಟ್ಟುತ್ತೆ ಅನ್ನೋದೂ ಕಾಣುತ್ತೆ. ಹಿಂದಕ್ಕೆ ಮಡಚೋ ಹಾಗೆ ಕಾಣೋ ಕೀಲು ಮೊಣಕಾಲಲ್ಲ, ಅದು ಹಿಮ್ಮಡಿ ಕೀಲು, ನಿಜವಾದ ಮೊಣಕಾಲು ಪುಕ್ಕದ ಒಳಗೆ ಮೈಗೆ ಅಂಟ್ಕೊಂಡು ಮುಂದಕ್ಕೆ ಇರುತ್ತೆ. ಇದು ಗೊತ್ತಿಲ್ದೆ ಕಾಲನ್ನ ತೀರಾ ಹಿಂದೆ ಚುಚ್ಚಿದ್ರೆ ಹಕ್ಕಿ ಮುಂದಕ್ಕೆ ಮುಗ್ಗರಿಸಿದ ಹಾಗೆ ನಿಲ್ಲುತ್ತೆ. ಕಣ್ಣುಗುಡ್ಡೆಯನ್ನೂ ಅಳೀರಿ, ರೆಪ್ಪೆ ನಡುವೆ ಕಾಣೋದು ಅದರ ಒಂದು ಭಾಗ ಮಾತ್ರ.

ಪುಸ್ತಕದಲ್ಲಿ ಒಂದೊಂದು ಹಕ್ಕಿಗೂ ಬೇರೆ ಪುಟ, ಮೇಲೆ ತಾರೀಖು, ಜಾಗ, ಹೊತ್ತು, ಗಂಡೋ ಹೆಣ್ಣೋ. ಖಚಿತ ಇಲ್ದಿದ್ರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಊಹೆ ಬರಿಬೇಡಿ. ಇಂಕ್ ಪೆನ್ ಬೇಡ, ನಮ್ಮ ಮಳೆಗೆ ಪೆನ್ಸಿಲ್ಲೇ ಸರಿ. ಒಂದೇ ಜಾತಿ ಹಿಡ್ಕೊಂಡು ಒಂದು ವರ್ಷ ಬರೀರಿ, ಹಿತ್ತಲಿಗೆ ಬರೋ ಮಡಿವಾಳ ಹಕ್ಕಿಯಾದ್ರೂ ಸರಿ. ಊಟ ಆದ್ಮೇಲೆ ಹಿಂದುಗಡೆ ಕೋಳಿ ಗೂಡಿನ ಹತ್ರ ಸೇರೋಣ, ಹುಂಜ ನಿಂತಿದ್ದು, ಕೂತಿದ್ದು, ಮೈ ಕೆದಕ್ತಾ ಇರೋದು ಮೂರು ಚಿತ್ರ ಆಗ್ಬೇಕು, ಪೆನ್ಸಿಲ್ ತರದವ್ರು ನನ್ನ ಹತ್ರ ಇಸ್ಕೊಳ್ಳಿ.