ನೋವಿಲ್ಲದೆ ಕೊರೆಯುವ ಕ್ರೋಮಿಯಂ

ಕೇಳುಗರಿಗೆ ನಮಸ್ಕಾರ.

ನಲ್ಲಿ, ಬಾಗಿಲ ಹಿಡಿ, ಬೈಕಿನ ಹ್ಯಾಂಡಲ್ ಇವೆಲ್ಲ ಫಳಫಳ ಹೊಳೆಯುವುದು ಹೆಚ್ಚಾಗಿ ಕ್ರೋಮಿಯಂ ಲೇಪನದಿಂದ. ಲೋಹವಾಗಿ ಅಂಟಿ ಕೂತ ಕ್ರೋಮಿಯಂಗೆ ನಾವು ಹೆದರಬೇಕಿಲ್ಲ. ಅಪಾಯ ಇರುವುದು ಲೇಪನ ಮಾಡುವ ತೊಟ್ಟಿಯ ಬಳಿ. ಅದರಲ್ಲಿರುವ ಕಡುಗೆಂಪು ಕ್ರೋಮಿಕ್ ಆಮ್ಲ ಕ್ರೋಮಿಯಂ-6 ಎಂಬ ಗುಂಪಿನ ಸಂಯುಕ್ತ. ವಿದ್ಯುತ್ ಹರಿಸಿದಾಗ ದ್ರಾವಣದಲ್ಲಿ ಗುಳ್ಳೆ ಏಳುತ್ತದೆ, ಒಡೆಯುತ್ತದೆ. ಒಡೆದ ಪ್ರತಿ ಗುಳ್ಳೆಯೂ ಕಣ್ಣಿಗೆ ಬೀಳದಷ್ಟು ಸಣ್ಣ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತದೆ.

ಆ ಹನಿಗಳಿಗೆ ಮೊದಲು ಸಿಗುವುದು ಮೂಗು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಅವು ಕೂರುತ್ತವೆ. ಒಳಪೊರೆ ಒಣಗಿ ಹಕ್ಕು ಕಟ್ಟುತ್ತದೆ, ಆಗಾಗ ರಕ್ತ ಬರುತ್ತದೆ. ಒಳಪೊರೆ ಹಾಳಾದ ಮೇಲೆ ಅದನ್ನೇ ನಂಬಿದ್ದ ಮೃದ್ವಸ್ಥಿಗೆ ರಕ್ತ ಪೂರೈಕೆ ತಪ್ಪಿ, ಕೊನೆಗೆ ಗೋಡೆಯಲ್ಲೇ ತೂತು ಬೀಳುತ್ತದೆ. ಎಷ್ಟೋ ಜನರಿಗೆ ಇದು ನೋಯುವುದೇ ಇಲ್ಲ. ಕೆಲವರಿಗೆ ಉಸಿರಾಡುವಾಗ ಸೀಟಿಯಂಥ ಸದ್ದು ಕೇಳಿದಾಗಲೇ ಅನುಮಾನ ಬರುವುದು. ಬೆರಳ ಗೆಣ್ಣಿನ ಮೇಲೆ, ಉಗುರಿನ ಬುಡದಲ್ಲಿ ಸಣ್ಣ ಗಾಯವಿದ್ದರೆ ಅಲ್ಲೂ ಹೀಗೆಯೇ: ಅಂಚು ದಪ್ಪಗಾದ, ದುಂಡನೆಯ, ಆಳದ ಹುಣ್ಣು. ಅದೂ ಹೆಚ್ಚು ನೋಯುವುದಿಲ್ಲ. ನನ್ನನ್ನು ಕಳವಳಗೊಳಿಸುವುದು ಇದೇ. ನೋವಿಲ್ಲ ಅಂದಮೇಲೆ ಕೆಲಸಗಾರ ರಜೆ ಹಾಕುವುದಿಲ್ಲ, ವೈದ್ಯರ ಬಳಿ ಹೋಗುವುದೂ ಇಲ್ಲ.

ಶ್ವಾಸಕೋಶದ ಮಾತು ಇನ್ನೂ ಗಂಭೀರ. ಕ್ರೋಮಿಯಂ-6 ದೇಹದಲ್ಲಿ ತಾಳುವ ಕ್ರೋಮೇಟ್ ಎಂಬ ವಿದ್ಯುತ್ ಕಣದ (ಅಯಾನಿನ) ಆಕಾರ ದೇಹಕ್ಕೆ ಬೇಕಾದ ಸಲ್ಫೇಟಿನಂತೆಯೇ ಇರುವುದರಿಂದ ಜೀವಕೋಶ ಅದನ್ನು ತಾನೇ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಅದು ಕ್ರೋಮಿಯಂ-3 ಎಂಬ ಇನ್ನೊಂದು ರೂಪಕ್ಕೆ ಬದಲಾಗುವಾಗ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಕ್ರೋಮಿಯಂ-6 ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ದಶಕಗಳೇ ಹಿಡಿಯಬಹುದು. ಅಷ್ಟರಲ್ಲಿ ಆ ವ್ಯಕ್ತಿ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗಿನ ಹೊಗೆಯಲ್ಲೂ ಕ್ರೋಮಿಯಂ-6 ಇರುತ್ತದೆ. ಒದ್ದೆ ಸಿಮೆಂಟಿನಲ್ಲಿ ಇರುವುದು ತೀರಾ ಸ್ವಲ್ಪವೇ ಆದರೂ ಗಾರೆ ಕೆಲಸದವರ ಕೈಗೆ ಅಲರ್ಜಿ ತರಲು ಅಷ್ಟು ಸಾಕು. ಒಮ್ಮೆ ಅಂಟಿದ ಆ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿದರೆ ವಿಷ ತಗ್ಗುತ್ತದೆ.

ಅಮೆರಿಕದಲ್ಲಿ 8 ಗಂಟೆಯ ಪಾಳಿಗೆ ಘನ ಮೀಟರ್ ಗಾಳಿಯಲ್ಲಿ ಕ್ರೋಮಿಯಂ-6 ಸರಾಸರಿ 5 ಮೈಕ್ರೋಗ್ರಾಂ ದಾಟಬಾರದೆಂಬ ನಿಯಮವಿದೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗೆ ಮೈಕ್ರೋಗ್ರಾಂ ಎನ್ನುತ್ತಾರೆ! ಮೂಗಿಗೆ ಕಟ್ಟಿದ ಬಟ್ಟೆ ತೊಟ್ಟಿಯಿಂದ ಚಿಮ್ಮುವ ಹನಿಗಳನ್ನು ತಡೆಯಲಾರದು. ತೊಟ್ಟಿಯ ಅಂಚಿನಲ್ಲೇ ಗಾಳಿ ಹೀರುವ ವ್ಯವಸ್ಥೆ ಬೇಕು, ಅದನ್ನು ಹಾಕಿಸುವುದು ಮಾಲೀಕರ ಹೊಣೆ. ಕೆಲಸಗಾರರೇ, ಊಟಕ್ಕೆ ಮುಂಚೆ ಕೈ, ಮುಖ ತೊಳೆಯಿರಿ, ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಬೇಡಿ. ವೈದ್ಯರ ಬಳಿ ಯಾವ ಕಾಯಿಲೆಗೆ ಹೋದರೂ ನಿಮ್ಮ ಕೆಲಸ ಏನೆಂದು ಹೇಳಿ, ಮೂಗಿನ ಒಳಗೆ ಬೆಳಕು ಬಿಟ್ಟು ನೋಡುವಂತೆ ಕೇಳಿ. ಕೆಲಸ ಬಿಟ್ಟವರೂ ಇದನ್ನು ಹೇಳಲೇಬೇಕು.

ನಮಸ್ಕಾರ.