ಮಿಸಿಸಿಪ್ಪಿಯ ತಳ ಮುಟ್ಟಿದ ಸೇತುವೆ

ಎಲ್ಲರಿಗೂ ನಮಸ್ಕಾರ.

1874ರ ಜೂನ್ 14. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಂದು ಆನೆಯನ್ನು ಹೊಸ ಸೇತುವೆಯ ಮೇಲೆ ನಡೆಸಿದರು. ಗಟ್ಟಿಯಿಲ್ಲದ ಕಡೆ ಆನೆ ಕಾಲಿಡುವುದಿಲ್ಲ ಅನ್ನುವ ನಂಬಿಕೆ ಅಲ್ಲೂ ಇತ್ತು. ಆನೆ ಆರಾಮಾಗಿ ಮಿಸಿಸಿಪ್ಪಿ ದಾಟಿತು, ಜನಕ್ಕೆ ಸಮಾಧಾನವಾಯಿತು. ಎಂಜಿನಿಯರಿಗೆ ಆನೆ ಸಾಕಾಗಲಿಲ್ಲ. ಜುಲೈ 2ರಂದು ಹದಿನಾಲ್ಕು ರೈಲು ಎಂಜಿನ್ ಹತ್ತಿಸಿ ನೋಡಿದರು.

ಆ ಎಂಜಿನಿಯರ್ ಜೇಮ್ಸ್ ಈಡ್ಸ್. ಅದಕ್ಕೂ ಮೊದಲು ಒಂದೇ ಒಂದು ಸೇತುವೆ ಕಟ್ಟಿದವರಲ್ಲ! ಅವರಿಗೆ ಗೊತ್ತಿದ್ದದ್ದು ನದಿಯ ತಳ. ಮುಳುಗಿದ ಹಡಗುಗಳ ಸಾಮಾನು ಎತ್ತುವುದು ಅವರ ಕಸುಬಾಗಿತ್ತು. ಗಂಟೆಯಾಕಾರದ ಪೆಟ್ಟಿಗೆಯಲ್ಲಿ ನೀರಿಗಿಳಿದು ಸ್ವತಃ ತಳದಲ್ಲಿ ಓಡಾಡಿದ್ದರು. ಪ್ರವಾಹ ಬಂದಾಗ ಅಲ್ಲಿ ಮರಳೂ ನೀರಿನ ಜೊತೆ ಹರಿಯುತ್ತದೆ ಅನ್ನುವುದನ್ನು ಕಾಲಲ್ಲೇ ಕಂಡುಕೊಂಡಿದ್ದರು. ಅದಕ್ಕೇ ಹಟ ಹಿಡಿದರು: ಕಂಬಗಳು ಮರಳಲ್ಲಿ ನಿಲ್ಲಬಾರದು, ಬಂಡೆ ಮುಟ್ಟಬೇಕು.

ನೀರೊಳಗೆ ಅಷ್ಟು ಆಳ ಅಗೆಯುವುದು ಹೇಗೆ? ತಳವಿಲ್ಲದ ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ನದಿಗಿಳಿಸಿದರು. ಒಳಕ್ಕೆ ಗಾಳಿ ಒತ್ತಿ ನೀರನ್ನು ಹೊರಗೆ ತಡೆದರು. ಕೆಲಸಗಾರರು ಒಳಗೆ ಕೂತು ಮರಳು ತೆಗೆದಂತೆ, ಮೇಲೆ ಕಟ್ಟುತ್ತಿದ್ದ ಕಲ್ಲಿನ ಭಾರಕ್ಕೆ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಆಳ ಹೋದಷ್ಟೂ ಗಾಳಿಯ ಒತ್ತಡ ಜಾಸ್ತಿ.

ತೊಂದರೆ ಶುರುವಾದದ್ದು ಮೇಲೆ ಬಂದಾಗ. ಕೀಲುನೋವು, ಹೊಟ್ಟೆನೋವು. ಬಗ್ಗಿ ನಡೆಯುವವರನ್ನು ನೋಡಿ ಜೊತೆಯವರು ಮೊದಮೊದಲು ತಮಾಷೆ ಮಾಡಿದರಂತೆ. 1870ರ ಮಾರ್ಚ್‌ನಲ್ಲಿ ಸಾವುಗಳು ಶುರುವಾದವು. ಒಟ್ಟು ಹತ್ತಕ್ಕೂ ಹೆಚ್ಚು ಜನ ಹೋದರು. ಸೋಡಾ ಬಾಟಲಿಯ ಮುಚ್ಚಳ ತೆಗೆದರೆ ಗುಳ್ಳೆ ಬರುತ್ತದೆ, ಅಲ್ವಾ? ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್, ಮನುಷ್ಯ ಬೇಗ ಹೊರಬಂದರೆ ಹಾಗೆಯೇ ಗುಳ್ಳೆಯಾಗುತ್ತದೆ. ನಿಧಾನವಾಗಿ ಹೊರಬಂದಿದ್ದರೆ ಬಹಳ ಜನ ಉಳಿಯುತ್ತಿದ್ದರು. ಆಗ ಅದು ತಿಳಿದಿರಲಿಲ್ಲ. ಸತು ಮತ್ತು ಬೆಳ್ಳಿಯ ಪಟ್ಟಿಗಳನ್ನು ಕೈಕಾಲಿಗೆ ಕಟ್ಟಿಕೊಂಡರು, ನಮ್ಮ ಕಡೆ ತಾಯಿತ ಕಟ್ಟುವ ಹಾಗೆ. ಈಡ್ಸ್ ಕರೆತಂದ ವೈದ್ಯ ಅಲ್ಫೋನ್ಸ್ ಜಾಮಿನೆ ಪರೀಕ್ಷೆಗೆಂದು ತಾವೇ ಇಳಿದರು. ನಾಲ್ಕು ನಿಮಿಷದೊಳಗೆ ಒತ್ತಡದಿಂದ ಹೊರಬಂದರು. ಮನೆ ಸೇರುವಷ್ಟರಲ್ಲಿ ಕೈಕಾಲು ಬಿದ್ದುಹೋದವು. ಪುಣ್ಯಕ್ಕೆ ಚೇತರಿಸಿಕೊಂಡರು, ಕೆಲಸದ ಹೊತ್ತು ಇಳಿಸಿ ವಿಶ್ರಾಂತಿ ಹೆಚ್ಚಿಸಿದರು.

ಇನ್ನು ಕಮಾನು. ಮೂರು ಕಮಾನುಗಳು, ನಡುವಿನದು 520 ಅಡಿ, ಅಕ್ಕಪಕ್ಕದವು 502 ಅಡಿ. ಸೇತುವೆಗೆ ಕಬ್ಬಿಣ ಹಾಕುತ್ತಿದ್ದ ಕಾಲದಲ್ಲಿ ಈಡ್ಸ್ ಉಕ್ಕಿನ ಕೊಳವೆಗಳನ್ನೇ ಬೇಕೆಂದರು. ನಾವು ಕಮಾನು ಕಟ್ಟುವಾಗ ಅಡಿಯಲ್ಲಿ ಮರದ ಆಸರೆ ಕೊಡುತ್ತೇವೆ. ಅಲ್ಲಿ ಹಡಗುಗಳ ಓಡಾಟ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಎರಡೂ ಕಂಬಗಳಿಂದ ಅರ್ಧರ್ಧ ಕಮಾನನ್ನು ಮೇಲಿನಿಂದ ಕಟ್ಟಿ ಹಿಡಿದು, ಗಾಳಿಯಲ್ಲೇ ಚಾಚುತ್ತ ಬಂದರು.

1873ರ ಸೆಪ್ಟೆಂಬರ್‌ನಲ್ಲಿ ಮೊದಲ ಕಮಾನು ಕೂಡುವ ಹೊತ್ತಿಗೆ ಬಿಸಿಲಿಗೆ ಉಕ್ಕು ಹಿಗ್ಗಿತ್ತು. ಕೊನೆಯ ತುಂಡು ಹಿಡಿಸುತ್ತಿಲ್ಲ. ಸೆಪ್ಟೆಂಬರ್ 19ರೊಳಗೆ ಕೂಡಿಸದಿದ್ದರೆ ಲಂಡನ್ನಿನ ಸಾಲ ಸಿಗುವುದಿಲ್ಲ. ಕಮಾನಿಗೆ ಗೋಣಿತಟ್ಟು ಸುತ್ತಿ ಟನ್‌ಗಟ್ಟಲೆ ಐಸ್ ತುಂಬಿದರು. ಆಗಲಿಲ್ಲ. ಈಡ್ಸ್ ಊರಲ್ಲಿರಲಿಲ್ಲ, ಲಂಡನ್ನಿನಲ್ಲಿದ್ದರು. ಆದರೆ ಹೀಗಾದೀತು ಎಂದು ಮೊದಲೇ ಒಂದು ಉಪಾಯ ಹೇಳಿಟ್ಟಿದ್ದರು: ಕೊನೆಯ ಕೊಳವೆಯನ್ನು ಕತ್ತರಿಸಿ, ನಡುವೆ ತಿರುಪು ಇಟ್ಟು, ಬೇಕಾದಷ್ಟು ಉದ್ದ ಮಾಡಿಕೊಳ್ಳುವುದು. 17ರ ರಾತ್ರಿ ಕಮಾನು ಕೂಡಿತು.

ಕಟ್ಟಿದ ಕಂಪನಿ ಮಾತ್ರ ಸೇತುವೆ ತೆರೆದ ಮರುವರ್ಷವೇ ದಿವಾಳಿಯಾಯಿತು. ಸೇತುವೆ ಈಗಲೂ ಇದೆ, ಈಡ್ಸ್ ಹೆಸರಲ್ಲೇ. ಮೇಲಿನ ಅಂತಸ್ತಿನಲ್ಲಿ ಕಾರುಗಳು, ಕೆಳಗಿನದರಲ್ಲಿ 1993ರಿಂದ ನಗರದ ಲೈಟ್ ರೈಲು. ನೀವು ಆ ಕಡೆ ಹೋದರೆ ಕಮಾನು ನೋಡಿ, ಆಮೇಲೆ ಸ್ವಲ್ಪ ಹೊತ್ತು ಕಲ್ಲಿನ ಕಂಬ ನೀರಿಗಿಳಿಯುವ ಜಾಗವನ್ನೂ ನೋಡಿ.