ಕಂಡ ದೋಷವನ್ನು ಬರೆದಿಡುವ ಕೆಲಸ

ಕೇಳುಗರಿಗೆ ನಮಸ್ಕಾರ. ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳನ್ನು ದಿನವೂ ಬಳಸುತ್ತಾ, ಅವುಗಳ ಒಳಗೆ ಕೈಹಾಕಲು ಮಾತ್ರ ಹಿಂಜರಿಯುವವರಿಗಾಗಿ ಈ ಮಾತುಗಳು. ಕೋಡ್ ಬರೆಯಲು ಬಾರದವರೂ ಮಾಡಬಹುದಾದ ಒಂದು ದೊಡ್ಡ ಕೆಲಸವಿದೆ: ಕಂಡ ದೋಷವನ್ನು ಕಂಡ ಹಾಗೆಯೇ, ಎಲ್ಲರಿಗೂ ಸಿಗುವ ಒಂದೇ ಕಡೆ ಬರೆದಿಡುವುದು.

ಈ ತಂತ್ರಾಂಶಗಳನ್ನು ಕಟ್ಟುವವರು ಒಂದೇ ಸೂರಿನಡಿ ಕೂತವರಲ್ಲ. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಏಳುತ್ತಾರೆ. ಆದ್ದರಿಂದ ಬಾಯಿಮಾತಿನಲ್ಲಿ ಹೇಳಿದ್ದು ಅಲ್ಲಿಗೇ ಕಳೆದುಹೋಗುತ್ತದೆ. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ ಡೆಬಿಯನ್ ಯೋಜನೆಯಲ್ಲಿ ಪ್ರತಿಯೊಂದು ದೋಷಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೇ ಒಂದು ಇ-ಮೇಲ್ ವಿಳಾಸ ಇರುತ್ತದೆ. ಅಲ್ಲಿಗೆ ಬರೆದ ಪತ್ರವೆಲ್ಲ ತಾನಾಗಿ ದಾಖಲೆಗೆ ಸೇರುತ್ತದೆ. ಚರ್ಚೆಯೇ ದಾಖಲೆಯಾಗುವ ಈ ಏರ್ಪಾಟು ನನಗೆ ಬಹಳ ಅಚ್ಚುಮೆಚ್ಚು.

ಬರೆಯುವ ಬಗೆಗೆ ಒಂದು ಉದಾಹರಣೆ ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅದರ ವೇಗವನ್ನು ಅಳೆಯುತ್ತಿದ್ದಾಗ, ತಪ್ಪು ಬಳಕೆದಾರ ಹೆಸರಿನಿಂದಾಗಿ ಕೂಡಲೇ ವಿಫಲವಾಗುತ್ತಿದ್ದ ಎಸ್‌ಎಸ್‌ಎಚ್ ಲಾಗಿನ್‌ಗಳೂ, ಅಂದರೆ ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ಪ್ರವೇಶಿಸುವ ಯತ್ನಗಳೂ, ಪ್ರೊಸೆಸರನ್ನು ಅತಿಯಾಗಿ ಬಳಸುತ್ತಿರುವುದನ್ನು ಗಮನಿಸಿದರು. ಲಾಗಿನ್ನಿಗೆ ಮೊದಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಅರ್ಧ ಸೆಕೆಂಡು ತಾನೇ ಎಂದು ಅವರು ಬಿಡಲಿಲ್ಲ. ಬೆನ್ನುಹತ್ತಿ ಹೋದಾಗ, ಕಡತಗಳ ಗಾತ್ರ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ, ಗುಟ್ಟಾಗಿ ಒಳನುಗ್ಗಲು ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಮೊದಲು ಭದ್ರತಾ ತಂಡಗಳಿಗೆ ಗುಟ್ಟಾಗಿ ತಿಳಿಸಿ, ಮಾರ್ಚ್ 29ರಂದು ಅವರು ಬರೆದ ಬಹಿರಂಗ ಪತ್ರವನ್ನು ನೋಡಿ: ಯಾವ ಆವೃತ್ತಿ, ಯಾವ ಕಡತ, ಮೊದಲು ಎಷ್ಟು ಸಮಯ, ಈಗ ಎಷ್ಟು ಸಮಯ, ಯಾವ ಆದೇಶ ಕೊಟ್ಟರೆ ಇದು ಕಾಣುತ್ತದೆ, ಎಲ್ಲವೂ ಅಲ್ಲಿದೆ. ಓದಿದ ಯಾರೇ ಆದರೂ ತಮ್ಮ ಯಂತ್ರದಲ್ಲಿ ಪರೀಕ್ಷಿಸಬಹುದಿತ್ತು, ಪರೀಕ್ಷಿಸಿದರು; ಲಿನಕ್ಸನ್ನು ಇತರ ತಂತ್ರಾಂಶಗಳ ಜೊತೆ ಕಟ್ಟಿ ಹಂಚುವ ಲಿನಕ್ಸ್ ವಿತರಣೆಗಳು ಆ ಆವೃತ್ತಿಗಳನ್ನು ಬೇಗನೆ ಹಿಂತೆಗೆದುಕೊಂಡವು.

ಹಾಗಿರುವಾಗ, "ಕೆಲಸ ಮಾಡುತ್ತಿಲ್ಲ, ಬೇಗ ಸರಿಪಡಿಸಿ" ಎಂಬ ಒಂದು ಸಾಲಿನ ವರದಿಯನ್ನು ದಯವಿಟ್ಟು ಕಳುಹಿಸಬೇಡಿ. ಆವೃತ್ತಿ ಯಾವುದು, ನೀವು ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಬರೆಯಿರಿ. ಹಳೆಯ ವರದಿಗಳಲ್ಲಿ ಒಮ್ಮೆ ಹುಡುಕಿ. ಅದೇ ದೋಷ ಸಿಕ್ಕಿದರೆ ನಿಮ್ಮ ವಿವರವನ್ನು ಅಲ್ಲಿಗೇ ಸೇರಿಸಿ.

ಯೋಜನೆ ನಡೆಸುವವರಿಗೂ ನನ್ನ ಮಾತು ಇದೇ. ಚಾಟ್‌ನಲ್ಲಿ ಎಷ್ಟಾದರೂ ಹರಟಿ, ಆದರೆ ತೀರ್ಮಾನವಾದ ಕೂಡಲೇ ಅದನ್ನು ಆ ದೋಷದ ಸಂಖ್ಯೆಯಡಿ ಬರೆಯಿರಿ. ವರದಿಯನ್ನು ಮುಚ್ಚುವಾಗ ಕಾರಣವನ್ನು ಒಂದು ಸಾಲಿನಲ್ಲಾದರೂ ತಿಳಿಸಿ. ಕಾರಣ ಹೇಳದೆ ಮುಚ್ಚಿದರೆ ವರದಿ ಕಳುಹಿಸಿದವರು ಇನ್ನೊಮ್ಮೆ ಏಕೆ ಬರೆಯಬೇಕು? ಲಿನಕ್ಸ್ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ತಿದ್ದುಪಡಿಯ ಜೊತೆಗೇ "ರಿಪೋರ್ಟೆಡ್-ಬೈ" ಎಂಬ ಸಾಲಿನಲ್ಲಿ ದೋಷ ತೋರಿಸಿಕೊಟ್ಟವರ ಹೆಸರನ್ನು ಬರೆಯುವ ರೂಢಿಯಿದೆ. ಕೋಡಿನ ಒಂದು ಸಾಲನ್ನೂ ಬರೆಯದವರ ಹೆಸರು ಕೂಡ ಹೀಗೆ ಆ ಯೋಜನೆಯ ಇತಿಹಾಸದಲ್ಲಿ ಉಳಿಯುತ್ತದೆ.